ಶ್ರಾವಣದಲ್ಲಿ ಮೊಟ್ಟೆ ಪೂರೈಕೆ ಇಳಿಯಲಿರುವ ಬಗ್ಗೆ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಹಾಸನ, ಬೇಲೂರು ಮತ್ತು ಚನ್ನರಾಯಪಟ್ಟಣದ ಅಂಗಡಿ, ಬೇಕರಿ, ಹೋಟೆಲುಗಳಿಗೆ ನಮ್ಮ ಸಹಕಾರ ಸಂಘದಿಂದ ಬರುವ ಮೊಟ್ಟೆಯು ಈ ವರ್ಷ ಭೀಮನ ಅಮಾವಾಸ್ಯೆಯ ನಂತರ ಸುಮಾರು ಅರ್ಧಕ್ಕೆ ಇಳಿಯಲಿದೆ. ಇದಕ್ಕೆ ರೋಗವಾಗಲಿ ಫೀಡಿನ ಅಭಾವವಾಗಲಿ ಕಾರಣವಲ್ಲ. ವಯಸ್ಸಾದ ಕೋಳಿಗಳನ್ನು ಮಾರಿ ಶೆಡ್ ಖಾಲಿ ಮಾಡುವ ಬದಲು, ಅವುಗಳಿಗೆ ಗರಿ ಉದುರಿಸಿ ವಿಶ್ರಾಂತಿ ಕೊಟ್ಟು ಎರಡನೆಯ ಸುತ್ತಿಗೆ ಉಳಿಸಿಕೊಳ್ಳಲು ಆಡಳಿತ ಮಂಡಳಿ ತೀರ್ಮಾನಿಸಿದೆ.

ಮೊಟ್ಟೆ ಕೋಳಿಯು ಹದಿನೆಂಟು, ಇಪ್ಪತ್ತು ವಾರಕ್ಕೆ ಇಡಲು ತೊಡಗುತ್ತದೆ. 72ರಿಂದ 80 ವಾರ ತುಂಬುವ ವೇಳೆಗೆ ಇಳುವರಿ ಕುಗ್ಗುತ್ತದೆ. ಮೊಟ್ಟೆ ದೊಡ್ಡದಾದರೂ ಅದರ ಸಿಪ್ಪೆಗೆ ಸೇರುವ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಅದೇ ಪ್ರಮಾಣದಲ್ಲಿ ಹೆಚ್ಚದ ಕಾರಣ ಸಿಪ್ಪೆ ತೆಳುವಾಗಿ, ಟ್ರೇಯಲ್ಲೇ ಬಿರುಕು ಬಿಡುವುದು ಜಾಸ್ತಿಯಾಗುತ್ತದೆ. ಕೆಲವು ವಾರ ಇಡುವುದನ್ನು ನಿಲ್ಲಿಸಿದರೆ ಮೊಟ್ಟೆನಾಳ ಸುಧಾರಿಸಿಕೊಂಡು ಸಿಪ್ಪೆ ಮತ್ತೆ ಗಟ್ಟಿಯಾಗುತ್ತದೆ. ಗರಿ ಉದುರುವುದು ಈ ವಿಶ್ರಾಂತಿಯ ಹೊರಗುರುತು ಮಾತ್ರ; ಎಲ್ಲ ಕೋಳಿಗಳಲ್ಲೂ ಪೂರ್ತಿ ಉದುರಲೇಬೇಕೆಂದಿಲ್ಲ.

ಇದಕ್ಕೆ ಹಿಂದಿನಿಂದ ಬಂದ ದಾರಿಯೆಂದರೆ ವಾರಕ್ಕೂ ಮೀರಿ ಫೀಡ್ ನಿಲ್ಲಿಸುವುದು. ಕೋಳಿಯನ್ನು ಹಾಗೆ ಉಪವಾಸ ಕೆಡಹುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ಕ್ಕೆ ವಿರುದ್ಧವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲೇ ತಿಳಿಸಿದೆ. ಅದಲ್ಲದೆ, ಹಸಿದ ಕೋಳಿಯ ಕರುಳಿನಲ್ಲಿ ಸಾಲ್ಮೊನೆಲ್ಲಾ (ಮೊಟ್ಟೆಯ ಮೂಲಕ ಮನುಷ್ಯರಿಗೂ ತಗಲಬಲ್ಲ ಬ್ಯಾಕ್ಟೀರಿಯಾ) ಸೋಂಕು ಸುಲಭವಾಗಿ ನೆಲೆಯೂರುತ್ತದೆ. ಮೊಟ್ಟೆ ಮಾರುವವರು ಇದನ್ನು ಕಡೆಗಣಿಸುವಂತಿಲ್ಲ. ಆದ್ದರಿಂದ ನಾವು ಫೀಡಿನಲ್ಲೇ ಸತುವಿನ ಅಂಶವನ್ನು ಹೆಚ್ಚಿಸುವ ಕ್ರಮವನ್ನು ಆರಿಸಿಕೊಂಡಿದ್ದೇವೆ. ಒಂದು ಟನ್ ಫೀಡಿಗೆ ಸುಮಾರು 25 ಕೆ.ಜಿ. ಜಿಂಕ್ ಆಕ್ಸೈಡ್ ಬೆರೆಸಿದರೆ ಸತುವು ಶೇ. 2ರಷ್ಟಾಗುತ್ತದೆ. ಮಾಮೂಲಿ ಲೇಯರ್ (ಮೊಟ್ಟೆ ಕೋಳಿಯ) ಫೀಡಿನಲ್ಲಿ ಕಿಲೋಗೆ ನೂರು ಮಿಲಿಗ್ರಾಂಗೂ ಕಡಿಮೆ ಸತು ಸಾಕಾಗುವಾಗ ಇದು ಔಷಧದ ಮಟ್ಟದ ಪ್ರಮಾಣ. ದಿನಕ್ಕೆ 110 ಗ್ರಾಂ ತಿನ್ನುತ್ತಿದ್ದ ಕೋಳಿ ಇಂಥ ಫೀಡನ್ನು ಎದುರಿಗಿಟ್ಟರೂ ಕೊಕ್ಕಿನಿಂದ ಅತ್ತಿತ್ತ ಸರಿಸಿ, ಅಲ್ಪಸ್ವಲ್ಪ ತಿಂದು ಬಿಡುತ್ತದೆ; ಸತುವು ಅಂಡಾಶಯದ ಮೇಲೂ ನೇರವಾಗಿ ಪರಿಣಾಮ ಬೀರುವುದರಿಂದ ಒಂದು ವಾರದೊಳಗೆ ಇಡುವುದು ನಿಲ್ಲುತ್ತದೆ. ಜುಟ್ಟು ಬಾಡಿ ಬಿಳಿಚಿಕೊಳ್ಳುತ್ತದೆ, ಕತ್ತಿನ ಗರಿ ಮೊದಲು ಹೋಗುತ್ತದೆ. ಅಲ್ಲಿಗೆ ಸತು ಬೆರೆಸಿದ ಫೀಡ್ ತೆಗೆದು ಮಾಮೂಲಿ ಫೀಡಿಗೆ ಮರಳುತ್ತೇವೆ. ನೀರನ್ನು ಯಾವ ಹಂತದಲ್ಲೂ ನಿಲ್ಲಿಸುವುದಿಲ್ಲ. ಶೆಡ್ಡಿನ ಬೆಳಕನ್ನು ಮಾತ್ರ ಹಗಲಿನ ಅವಧಿಗೆ ಇಳಿಸಿ, ಮುಂದೆ ಹಂತಹಂತವಾಗಿ 16 ಗಂಟೆಗೆ ಏರಿಸಲಾಗುವುದು.

ಇದು ಕೋಳಿಗೆ ಸುಖದ ದಾರಿಯೆಂದು ನಾವು ಹೇಳುತ್ತಿಲ್ಲ. ಈ ಕ್ರಮದಲ್ಲೂ ಕೋಳಿಯ ತೂಕ ಕಾಲು ಭಾಗದಷ್ಟು ಇಳಿಯುತ್ತದೆ. ಆದ್ದರಿಂದ ದುರ್ಬಲ ಕೋಳಿಗಳನ್ನು ಮೊದಲೇ ಬೇರ್ಪಡಿಸುತ್ತೇವೆ, ಪಶುವೈದ್ಯರು ನೋಡಿ ಒಪ್ಪಿದ ಬ್ಯಾಚನ್ನು ಮಾತ್ರ ಇದಕ್ಕೆ ಒಳಪಡಿಸುತ್ತೇವೆ.

ಸತು ಬೆರೆಸಿದ ಫೀಡ್ ಕೊಡುವ ದಿನಗಳಲ್ಲಿ ಮತ್ತು ಅದರ ನಂತರದ ಒಂದು ವಾರ ಇಟ್ಟ ಮೊಟ್ಟೆಗಳ ಹಳದಿಯಲ್ಲಿ ಸತುವಿನ ಅಂಶ ಹೆಚ್ಚಿರಬಹುದಾದ್ದರಿಂದ ಅವನ್ನು ಮಾರುವುದಿಲ್ಲ, ಹೊಂಡಕ್ಕೆ ಹಾಕುತ್ತೇವೆ. ಆ ಅವಧಿಯಲ್ಲಿ ಕೋಳಿಗಳನ್ನು ಮಾಂಸಕ್ಕೂ ಕೊಡುವುದಿಲ್ಲ. ಸಕಲೇಶಪುರ ಮತ್ತು ಮೂಡಿಗೆರೆ ಕಡೆಯಿಂದ ಕೋಳಿ ಗೊಬ್ಬರ ಒಯ್ಯುವ ಪ್ಲಾಂಟರುಗಳಿಗೆ ಒಂದು ಮಾತು: ಕೋಳಿ ತಿಂದ ಸತುವಿನ ಬಹುಪಾಲು ಹಿಕ್ಕೆಯಲ್ಲೇ ಹೊರಬರುತ್ತದೆ. ಕಾಫಿ ಗಿಡಕ್ಕೆ ಸತುವಿನ ಕೊರತೆ ಕಂಡಾಗ ಜಿಂಕ್ ಸಲ್ಫೇಟ್ ಸಿಂಪಡಿಸುವ ನಿಮಗೆ ಈ ಗೊಬ್ಬರ ಲಾಭವೆಂದು ತೋರಬಹುದು. ಆದರೆ ಒಂದೊಂದು ಲೋಡಿನಲ್ಲಿ ಸತು ಎಷ್ಟಿದೆಯೆಂದು ಅಳೆದು ಕೊಡುವ ವ್ಯವಸ್ಥೆ ನಮ್ಮಲ್ಲಿಲ್ಲ. ಮಣ್ಣಿಗೆ ಒಮ್ಮೆ ಅತಿಯಾಗಿ ಸೇರಿದ ಸತುವನ್ನು ಹೊರತೆಗೆಯುವುದೂ ಸಾಧ್ಯವಿಲ್ಲ. ಆದ್ದರಿಂದ ಆ ವಾರಗಳ ಗೊಬ್ಬರವನ್ನು ಪ್ರತ್ಯೇಕವಾಗಿ ರಾಶಿ ಹಾಕಿಡಲಾಗುವುದು. ಯಾರು ಕೇಳಿದರೂ ಕೊಡಲಾಗುವುದಿಲ್ಲ.

ಶ್ರಾವಣದಲ್ಲಿ ಅನೇಕ ಮನೆಗಳಲ್ಲಿ ಮೊಟ್ಟೆ, ಮಾಂಸ ಬಿಡುವುದರಿಂದ ಬೇಡಿಕೆ ಹೇಗೂ ತಗ್ಗಿರುತ್ತದೆ. ಭೀಮನ ಅಮಾವಾಸ್ಯೆಯಿಂದ ಮಹಾಲಯ ಅಮಾವಾಸ್ಯೆಗೆ ಎಂಟು ವಾರಕ್ಕೂ ಹೆಚ್ಚು ಸಮಯ ಸಿಗುತ್ತದೆ, ಇಳುವರಿ ಚೇತರಿಸಿಕೊಳ್ಳಲು ಅಷ್ಟು ಬೇಕು. ಎರಡನೆಯ ಸುತ್ತಿನಲ್ಲಿ ಕೋಳಿ ಮೊದಲಿನಷ್ಟು ಇಡುವುದಿಲ್ಲ. ಇಟ್ಟ ಮೊಟ್ಟೆಗಳಲ್ಲಿ ಹೆಚ್ಚಿನವು 60 ಗ್ರಾಂ ಮೀರುತ್ತವೆ. ಬೇಕರಿಯವರು ಕೇಕಿಗೆ ಎಣಿಸಿ ಒಡೆಯುವ ಬದಲು ತೂಗಿ ಹಾಕಿದರೆ ಹದ ತಪ್ಪುವುದಿಲ್ಲ. ಹಳೆಯ ಟ್ರೇಗಳಲ್ಲಿ ಈ ಗಾತ್ರದ ಮೊಟ್ಟೆ ಸರಿಯಾಗಿ ಕೂರದೆ ಮೇಲಿನ ಟ್ರೇಯ ಭಾರಕ್ಕೆ ಒಡೆಯುವುದರಿಂದ, ಆಗ ನಾವು ಕಳಿಸುವ ಆಳದ ಟ್ರೇಗಳನ್ನು ದಯವಿಟ್ಟು ವಾಪಸು ಮಾಡಿ. ಗಾತ್ರ ಹೆಚ್ಚಿತೆಂದು ದರ ಹೆಚ್ಚಿಸುವುದಿಲ್ಲ.

ಕೊರತೆಯ ವಾರಗಳಲ್ಲಿ ಹೊರಗಿನ ಮೊಟ್ಟೆ ತಂದು ನಮ್ಮದೆಂದು ಕೊಡುವುದಿಲ್ಲ. ಇರುವುದನ್ನು ಪ್ರತಿಯೊಬ್ಬರ ಮಾಮೂಲಿ ಖರೀದಿಯ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತೇವೆ. ಕನಿಷ್ಠ ಎಷ್ಟು ಟ್ರೇ ಬೇಕೇಬೇಕೆಂಬುದನ್ನು ಭೀಮನ ಅಮಾವಾಸ್ಯೆಗೆ ಮುಂಚೆ ನಮ್ಮ ಗಾಡಿಯವರ ಬಳಿ ಬರೆಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)
ಹಾಸನ