ಕಾರ್ಡ್‌ಲೆಸ್ ತರೋ ಮುಂಚೆ, ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನ ಮೈದುನ ಅಮೇರಿಕಾದಿಂದ ಬರೋವಾಗ ಕಾರ್ಡ್‌ಲೆಸ್ ಫೋನ್ ತರ್ತಾನಂತೆ ಅಂತ ಅಮ್ಮ ಹೇಳಿದ್ಲು, ಇವತ್ತೇ ಮೆಸೇಜ್ ಮಾಡಿ ಬೇಡ ಅಂದ್ಬಿಡು. ಅಲ್ಲಿಯ ಸೆಟ್ ಮೇಲೆ ಡೆಕ್ಟ್ 6.0 ಅಂತ ಬರೆದಿರುತ್ತೆ, ಅಂದ್ರೆ ಅಲ್ಲಿಯ ಕಾರ್ಡ್‌ಲೆಸ್ ಪದ್ಧತಿಯ ಹೆಸರು, ಅದು ರೇಡಿಯೋ ತರಂಗದ 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಕೆಲ್ಸ ಮಾಡೋದು, ನಮ್ಮ ದೇಶದಲ್ಲಿ ಅದು ಮೊಬೈಲ್‌ಗೆ ಅಂತ ಕೊಟ್ಟಿರೋ ಜಾಗ, ಇಲ್ಲಿ ಹಾಕಿದ್ರೆ ಹತ್ತಿರದ ಟವರ್‌ಗೆ ತೊಂದ್ರೆ ಕೊಡುತ್ತೆ. ಮೊದ್ಲೇ ನಿಮ್ಮೂರಲ್ಲಿ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ಅದ್ರ ಅಡಾಪ್ಟರೂ ಬರೀ 120 ವೋಲ್ಟಿಂದಾಗಿದ್ರೆ ನಮ್ಮ 230ಕ್ಕೆ ಹಾಕಿದ ಕೂಡ್ಲೇ ಸುಟ್ಟು ಹೋಗುತ್ತೆ. ಪೇಟೇಲಿ ಸಿಗೋದನ್ನೇ ತಗೊಳ್ಳಿ.

ನಿಮ್ಮ ಮಾವನವರಿಗೆ ಮಂಡಿನೋವು, ಎದ್ದು ಹೋಗಿ ಫೋನ್ ಎತ್ತೋದು ಕಷ್ಟ, ಸರಿ. ಆದ್ರೆ ಒಂದು ವಿಷ್ಯ ಮನೇಲಿ ಎಲ್ರಿಗೂ ಗೊತ್ತಿರ್ಲಿ. ಮುಂಚೆ ತಾಮ್ರದ ಲೈನಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಬ್ಯಾಟರಿಯಿಂದಲೇ 48 ವೋಲ್ಟ್ ಬರ್ತಿತ್ತು, ಮಳೆಗಾಲದಲ್ಲಿ ವಾರಗಟ್ಲೆ ಕರೆಂಟ್ ಇಲ್ದಿದ್ರೂ ಫೋನ್ ನಡೀತಿತ್ತು. ರಿಂಗ್ ಬಂದಾಗಂತೂ 75 ವೋಲ್ಟ್ ಮೇಲೆ, ನಮ್ಮ ಲೈನ್‌ಮನ್ ಹುಡುಗ್ರು ಕಂಬದ ಮೇಲೆ ಕೂತು ಹಲ್ಲಲ್ಲಿ ವೈರ್ ಸುಲೀತಿರೋವಾಗ ಯಾರಾದ್ರೂ ಆ ನಂಬರ್‌ಗೆ ಫೋನ್ ಮಾಡಿದ್ರೆ ಶಾಕ್ ಹೊಡೆದು ಕೆಳಗೆ ನಿಂತೋರಿಗೆ ಬೈಗುಳ ಪುಕ್ಕಟೆ! ಈಗ ನಿಮ್ಮನೆಗೆ ಬಂದಿರೋ ಫೈಬರಲ್ಲಿ ಬೆಳಕು ಬರುತ್ತೆ ಅಷ್ಟೇ, ಕರೆಂಟ್ ಬರಲ್ಲ. ಕರೆಂಟ್ ಹೋದ್ರೆ ಮೋಡೆಮ್ಮೂ ಸತ್ತು, ಕಾರ್ಡ್‌ಲೆಸ್ ಬೇಸೂ (ಹ್ಯಾಂಡ್‌ಸೆಟ್ ಇಟ್ಟು ಚಾರ್ಜ್ ಮಾಡೋ ಸ್ಟ್ಯಾಂಡು) ಸತ್ತು, ಆದ್ರೆ ಹ್ಯಾಂಡ್‌ಸೆಟ್ ಬ್ಯಾಟರಿ ಮೇಲೆ ಇರೋದ್ರಿಂದ ಲೈಟ್ ಉರೀತಾನೇ ಇರುತ್ತೆ, ಮಾವನವರು ಫೋನ್ ಸರಿಯಾಗೇ ಇದೆ ಅಂದ್ಕೊಂಡು ಒತ್ತುತ್ತಾ ಕೂರ್ತಾರೆ. ಅದಕ್ಕೇ ಮೋಡೆಮ್, ಬೇಸ್ ಎರಡನ್ನೂ ಯುಪಿಎಸ್ ಲೈನಿಗೆ ಹಾಕ್ಸು, ಒಂದನ್ನೇ ಹಾಕ್ಸಿದ್ರೆ ಪ್ರಯೋಜನ ಇಲ್ಲ. ರಾತ್ರಿ ಹೊತ್ತು ಅವ್ರಿಗೆ ಉಸಿರು ಹಿಡ್ಕೊಂಡ್ರೆ ತುರ್ತು ಸಹಾಯದ 112ಕ್ಕೆ ಫೋನ್ ಮಾಡೋದು ಇದ್ರಲ್ಲೇ ತಾನೆ.

ಬ್ಯಾಟರಿ ವಿಷ್ಯಕ್ಕೆ ನಿನ್ನ ಗಂಡನಿಗೆ ಸ್ವಲ್ಪ ಹೇಳು, ಅವ್ನು ಆತುರದವ್ನು. ಹ್ಯಾಂಡ್‌ಸೆಟ್ ಒಳಗೆ ಇರೋ ಎರಡು ಸಣ್ಣ ಸೆಲ್ ನೋಡೋಕೆ ಟಿವಿ ರಿಮೋಟಿನ ಸೆಲ್ ತರಾನೇ ಇರುತ್ತೆ, ಆದ್ರೆ ಅವು ಚಾರ್ಜ್ ಆಗೋ ನಿಕಲ್ ಮೆಟಲ್ ಹೈಡ್ರೈಡ್, 1.2 ವೋಲ್ಟಿಂದು. ಅದು ವೀಕ್ ಆಯ್ತು ಅಂತ ರಿಮೋಟ್ ಸೆಲ್ ತುರುಕಿದ್ರೆ, ಬೇಸಿಗಿಟ್ಟಾಗ ಅದಕ್ಕೂ ಚಾರ್ಜ್ ಹೋಗುತ್ತೆ, ಬಿಸಿಯಾಗಿ ಸೋರುತ್ತೆ, ಒಡೆದರೂ ಒಡೀಬಹುದು. ಬದಲಾಯಿಸೋದಾದ್ರೆ ಎರಡನ್ನೂ ಒಟ್ಟಿಗೇ, ಒಂದು ಹಳೇದು ಒಂದು ಹೊಸದು ಬೇಡ. ಹಳೇದನ್ನ ಯಾವ ಕಾರಣಕ್ಕೂ ಬಚ್ಚಲ ಒಲೆಗೆ ಹಾಕ್ಬೇಡಿ, ನಿಮ್ಮಲ್ಲಿ ಕಸ ಎಲ್ಲ ಅಲ್ಲಿಗೇ ಹೋಗುತ್ತೆ ಅಂತ ನಂಗೊತ್ತು. ಹೊಸ ಸೆಟ್ ಬಂದ ದಿನ ಮಾತಾಡೋಕೆ ಮುಂಚೆ ಪುಸ್ತಕದಲ್ಲಿ ಹೇಳಿದಷ್ಟು ಗಂಟೆ ಪೂರ್ತಿ ಚಾರ್ಜಿಗಿಡಿ.

ಬೇಸನ್ನ ಮೋಡೆಮ್ ಪಕ್ಕಕ್ಕೇ ಅಂಟಿಸಿ ಇಡ್ಬೇಡ, ಒಂದು ಮೀಟರ್ ಆದ್ರೂ ದೂರ ಇರ್ಲಿ, ಇಲ್ಲಾಂದ್ರೆ ಗರಗರ ಶಬ್ದ. ಜಗಲಿ ಗೋಡೇಲಿ ಎತ್ತರದಲ್ಲಿ ಇಟ್ರೆ ಒಳ್ಳೇದು. ಬಾಕ್ಸ್ ಮೇಲೆ 300 ಮೀಟರ್ ಅಂತ ಇರೋದು ಬಯಲಿನ ಲೆಕ್ಕ, ಮನೆಯೊಳಗೆ 50 ಮೀಟರ್, ನಿಮ್ಮನೆ ಮಣ್ಣುಗೋಡೆ ದಪ್ಪಕ್ಕೆ ಅದೂ ಇಲ್ಲ. ಕೊಟ್ಟಿಗೆವರೆಗೂ ಸಿಗುತ್ತೆ ಅಂತ ಮಾವನವರಿಗೆ ಆಸೆ ತೋರಿಸ್ಬೇಡ. ಮಳೆಗಾಲದಲ್ಲಿ ಚಾರ್ಜ್ ಆಗೋ ತಗಡಿನ ಮೇಲೆ ಕಿಲುಬು ಕೂರುತ್ತೆ, ಆಗ ಫೋನ್ ಇಟ್ರೂ ಚಾರ್ಜ್ ಹತ್ತಲ್ಲ, ಅಡಾಪ್ಟರ್ ಕಿತ್ತು ಸ್ಕೂಲ್ ಮಕ್ಕಳ ರಬ್ಬರಲ್ಲಿ ಮೆತ್ತಗೆ ಉಜ್ಜಿ ಒಣ ಬಟ್ಟೇಲಿ ಒರೆಸು, ನೀರು ಗೀರು ಹಾಕ್ಬೇಡ.

ಗುಡುಗಿಗೆ ಏನ್ ಮಾಡೋದು ಅಂತ ಅಮ್ಮನ ಹತ್ರ ಕೇಳಿದ್ಯಂತೆ. ಕೈಯಲ್ಲಿರೋ ಹ್ಯಾಂಡ್‌ಸೆಟ್‌ಗೆ ವೈರ್ ಇಲ್ಲ, ಅದ್ರಿಂದ ಮಾತಾಡೋರಿಗೆ ಭಯ ಇಲ್ಲ, ಭಯ ಇರೋದು ವೈರ್ ಇರೋ ಫೋನಿಗೆ. ಆದ್ರೆ ಕರೆಂಟ್ ಲೈನಲ್ಲಿ ಸಿಡಿಲು ಬಂದ್ರೆ ಬೇಸೂ ಮೋಡೆಮ್ಮೂ ಎರಡೂ ಢಮಾರ್, ಏಪ್ರಿಲ್ ಮೇ ತಿಂಗಳಲ್ಲಿ ಮೋಡ ಕಟ್ಟಿದ ಕೂಡ್ಲೇ ಎರಡ್ರ ಅಡಾಪ್ಟರೂ ಕಿತ್ತಿಡು, ಗುಡುಗು ಶುರುವಾದ ಮೇಲೆ ಅಲ್ಲ.

ಅಂಗಡಿಯವ್ನು ಅಡಾಪ್ಟರ್ ಯಾವ್ದಾದ್ರೂ ಆಗುತ್ತೆ ಅಂದ್ರೆ ನಂಬ್ಬೇಡ, ತಗೊಂಡ ಮೇಲೆ ಅಡಾಪ್ಟರ್ ಮೇಲಿರೋ ವೋಲ್ಟ್, ಬೇಸ್ ತಳದಲ್ಲಿರೋ ವೋಲ್ಟ್ ಎರಡ್ರದ್ದೂ ಫೋಟೋ ಕಳ್ಸು, ನೋಡಿ ಹೇಳ್ತೀನಿ.

ಅಪ್ಪ