ಗೆಳೆಯನಿಗೊಂದು ಪತ್ರ: ನಿನ್ನ ಫ್ರೀಜರಿನಲ್ಲಿ ಬೆಂದ ಬೇಳೆ ಇರಲಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಉಳಿದಿದೆ. ನಿನ್ನ ಸೋದರಮಾವನ ಮನೆಯವರು ರಾತ್ರಿ ಊಟದ ಹೊತ್ತಿಗೆ ಬಂದರು. ಅತ್ತಿಗೆ ಆಗಷ್ಟೇ ಆಫೀಸಿನಿಂದ ಬಂದು ಕೂತಿದ್ದರು. ನೀನು "ಊಟ ಮಾಡ್ಕೊಂಡೇ ಹೋಗಿ" ಅಂದುಬಿಟ್ಟೆ. ಆಮೇಲೆ ಅತ್ತಿಗೆಯ ಮುಖ ನೋಡೋಕೆ ಆಗಲಿಲ್ಲ ಅಂದೆಯಲ್ಲ, ಅದಕ್ಕೇ ಈ ಪತ್ರ.

ಹೇಳದೆ ಬಂದವರಿಗೂ ಊಟ ಹಾಕಿ ಕಳಿಸುವುದು ನಮ್ಮ ಮನೆಗಳ ಒಳ್ಳೆಯ ಗುಣ, ಅದು ಹೋಗಬಾರದು. ಆದರೆ ಕರೆಯುವವರು ಒಬ್ಬರು, ಬೇಯಿಸುವವರು ಇನ್ನೊಬ್ಬರು ಆದಾಗ ಆ ಗುಣ ಒಬ್ಬರ ಬೆನ್ನ ಮೇಲೆ ಕೂರುತ್ತದೆ. ಭಾನುವಾರ ಬೆಳಿಗ್ಗೆ ಒಂದೆರಡು ಗಂಟೆ ನೀನೇ ಅಡುಗೆಮನೆಯಲ್ಲಿ ನಿಲ್ಲು. ಏನು ಮಾಡಬೇಕು ಅಂತ ನಾನು ಹೇಳುತ್ತೇನೆ.

ಮೊದಲ ಮಾತು ಇದು: ಅಡುಗೆ ಪೂರ್ತಿ ಮಾಡಿ ಫ್ರೀಜರಿಗೆ ಹಾಕಬೇಡ. ಮುಕ್ಕಾಲು ಪಾಲು ಮಾಡಿ ಇಡು. ನಮ್ಮ ಊಟದ ಜೀವ ಇರುವುದು ಕೊನೆಯ ಹತ್ತು ನಿಮಿಷದಲ್ಲಿ. ಸಾಸಿವೆ ಸಿಡಿಯಬೇಕು, ಇಂಗು ಘಮ್ಮೆನ್ನಬೇಕು, ಕರಿಬೇವು ಚಟಪಟ ಅನ್ನಬೇಕು. ಅದನ್ನು ಯಾವ ಫ್ರೀಜರೂ ಕಾಪಾಡಿಕೊಡುವುದಿಲ್ಲ. ಆದರೆ ಬೇಳೆ ಬೇಯಿಸುವುದು, ಕಾಳು ನೆನೆಸುವುದು, ಕಾಯಿ ತುರಿದು ಮಸಾಲೆ ಹುರಿದು ರುಬ್ಬುವುದು, ಇವೇ ಅಲ್ವಾ ನಿಜವಾಗಿ ಹೊತ್ತು ತಿನ್ನುವ ಕೆಲಸಗಳು? ಅವನ್ನು ಮುಂಚೆಯೇ ಮುಗಿಸಿಡಬಹುದು.

ಬೇಳೆಯಿಂದ ಶುರುಮಾಡು. ತೊಗರಿಬೇಳೆಯನ್ನು ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸು. ಉಪ್ಪು ಬೇಡ. ಮಸೆದು, ಆರಿಸಿ, ಒಂದು ಹೊತ್ತಿನ ಸಾರಿಗೆ ಆಗುವಷ್ಟನ್ನು ಒಂದೊಂದು ಜಿಪ್ ಕವರಿಗೆ ಹಾಕಿ, ಗಾಳಿ ತೆಗೆದು, ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ ಫ್ರೀಜರಿಗೆ ಇಡು. ಚಪ್ಪಟೆ ಯಾಕೆ ಗೊತ್ತಾ? ತೆಳ್ಳಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ. ಬೇಗ ಹೆಪ್ಪುಗಟ್ಟಿದರೆ ಒಳಗಿನ ಮಂಜಿನ ಹರಳು ಸಣ್ಣದಾಗಿರುತ್ತದೆ, ಪದಾರ್ಥದ ಹದ ಕೆಡುವುದಿಲ್ಲ. ತೆಗೆದಾಗಲೂ ಬೇಗ ಕರಗುತ್ತದೆ. ದೊಡ್ಡ ಡಬ್ಬಿಯಲ್ಲಿ ತುಂಬಿಟ್ಟ ಬೇಳೆ ಕಲ್ಲಿನ ಹಾಗೆ ಆಗಿ, ಅವಸರದ ಹೊತ್ತಿನಲ್ಲಿ ಅದರ ಜೊತೆ ಗುದ್ದಾಡಬೇಕಾಗುತ್ತದೆ.

ಆಮೇಲೆ ಹುಳಿಗೆ ಮಸಾಲೆ. ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ ಬೀಜ, ಸ್ವಲ್ಪ ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಹುರಿದು, ಕಾಯಿತುರಿ ಸೇರಿಸಿ, ನೀರು ಆದಷ್ಟು ಕಡಿಮೆ ಹಾಕಿ ರುಬ್ಬು. ಐಸ್ ಟ್ರೇಯಲ್ಲಿ ಹಾಕಿ ಗಟ್ಟಿಯಾದ ಮೇಲೆ ತುಂಡುಗಳನ್ನು ಕವರಿಗೆ ತುಂಬಿಡು. ಬೇಕಾದಷ್ಟೇ ತೆಗೆದುಕೊಳ್ಳಬಹುದು. ಬರೀ ಕಾಯಿತುರಿಯನ್ನೂ ಹೀಗೆ ಇಡು. ಹಬ್ಬದ ಪೂಜೆಗೆ ಒಡೆದ ಕಾಯಿಗಳು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಲೋಳೆ ಬಂದು ಹಾಳಾಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅವತ್ತೇ ತುರಿದು ಫ್ರೀಜರಿಗೆ ಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ.

ಕಾಳುಗಳಿಗಂತೂ ಫ್ರೀಜರ್ ಹೇಳಿ ಮಾಡಿಸಿದ ಜಾಗ. ಕಡಲೆ, ಅಲಸಂದೆ, ರಾಜ್ಮಾ, ಯಾವುದಾದರೂ ಸರಿ, ರಾತ್ರಿ ನೆನೆಸಿ, ತೀರಾ ಮೆತ್ತಗಾಗದಂತೆ ಬೇಯಿಸಿ, ನೀರು ಬಸಿದು ಇಡು.

ಈಗ ಅವತ್ತಿನ ರಾತ್ರಿಯನ್ನೇ ತಗೋ. ನೆಂಟರು ಚಪ್ಪಲಿ ಬಿಡುತ್ತಿರುವಾಗ ನೀನು ಒಳಗೆ ಹೋಗಿ ಅಕ್ಕಿ ತೊಳೆದು ಕುಕ್ಕರ್ ಇಡು. ಬೇಳೆಯ ಕವರನ್ನು ನೀರಿಗೆ ಹಾಕು, ಅಂಚು ಬಿಟ್ಟ ತಕ್ಷಣ ಹಾಳೆಯ ಹಾಗೆ ಎದ್ದು ಬರುತ್ತದೆ. ಪಾತ್ರೆಗೆ ಹಾಕಿ, ಟೊಮೇಟೊ, ಹುಣಸೆ ರಸ, ಸಾರಿನಪುಡಿ, ಉಪ್ಪು, ಒಂದು ಚೂರು ಬೆಲ್ಲ ಸೇರಿಸಿ ಕುದಿಯೋಕೆ ಬಿಡು. ಇನ್ನೊಂದು ಒಲೆಯಲ್ಲಿ ಒಗ್ಗರಣೆ ಹಾಕಿ ಕಡಲೆಕಾಳು ಹೊರಳಿಸಿ, ಮೇಲೆ ಕಾಯಿತುರಿ ಉದುರಿಸು. ಸಾರಿಗೆ ತುಪ್ಪದ ಒಗ್ಗರಣೆ ಕೊಡು. ನಾಲ್ಕು ಹಪ್ಪಳ ಕರಿ. ಮಜ್ಜಿಗೆ, ಉಪ್ಪಿನಕಾಯಿ ಮನೆಯಲ್ಲಿ ಇದ್ದೇ ಇರುತ್ತದೆ. ಅರ್ಧ ಗಂಟೆಯಲ್ಲಿ ಎಲೆ ಹಾಕಬಹುದು. ಬಂದವರಿಗೆ ಇದು ಬಿಸಿ ಬಿಸಿ ಹೊಸ ಅಡುಗೆಯೇ.

ಅಮ್ಮ ತಂಗಳು ಅಂತ ಮುಖ ಸಿಂಡರಿಸುತ್ತಾರೆ ಅಂದೆ. ಅವರ ಮಾತನ್ನು ಸುಮ್ನೆ ತಳ್ಳಿಹಾಕಬೇಡ. ಬೇಯಿಸಿದ್ದನ್ನು ಹೊರಗೆ ಇಟ್ಟು ಮರುದಿನ ತಿಂದರೆ ಹೊಟ್ಟೆ ಕೆಡುತ್ತದೆ ಅನ್ನುವುದು ಅವರ ಅನುಭವ, ಅದು ಸರಿ ಕೂಡ. ಆದರೆ ಮುಂಚೆಯೇ ಮಾಡಿಡುವುದು ನಮ್ಮವರಿಗೆ ಹೊಸದಲ್ಲ ಕಣೋ. ಬೇಸಿಗೆಯಲ್ಲಿ ಹಾಕುವ ಸಂಡಿಗೆ, ಡಬ್ಬಿಯಲ್ಲಿರುವ ಪುಳಿಯೋಗರೆ ಗೊಜ್ಜು, ಕರಾವಳಿಯವರು ಮಳೆಗಾಲಕ್ಕೆ ಉಪ್ಪಿನಲ್ಲಿ ಹಾಕಿಡುವ ಹಲಸಿನ ಸೊಳೆ, ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿ, ಎಲ್ಲವೂ ಬರುವ ದಿನಗಳಿಗೆ ಮಾಡಿಟ್ಟದ್ದೇ. ಬಿಸಿಲು, ಉಪ್ಪು, ಹುಳಿ, ಎಣ್ಣೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಚಳಿ ಮಾಡುತ್ತದೆ. ಹೀಗೆ ಹೇಳು, ಮತ್ತೆ ಒಗ್ಗರಣೆಯನ್ನು ಅಮ್ಮನ ಕೈಯಿಂದಲೇ ಹಾಕಿಸು.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡ. ಫ್ರೀಜರ್ ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಉಗುರುಬೆಚ್ಚಗಿನ ಅಡುಗೆಯಲ್ಲಿ ಅವು ತುಂಬಾ ವೇಗವಾಗಿ ಹೆಚ್ಚುತ್ತವೆ. ಅದಕ್ಕೇ ಬೆಂದದ್ದನ್ನು ಅಗಲವಾದ ಪಾತ್ರೆಗೆ ಸುರಿದು, ಆ ಪಾತ್ರೆಯನ್ನು ತಣ್ಣೀರಿನ ಬೇಸನ್ನಿನಲ್ಲಿ ಕೂರಿಸಿ ಆರಿಸು. ಎರಡು ಗಂಟೆಯೊಳಗೆ ಅದು ಒಳಗೆ ಸೇರಬೇಕು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡ. ಕರಗಿಸಲು ಕಟ್ಟೆಯ ಮೇಲೆ ಇಡಬೇಡ, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸು, ಇಲ್ಲವೇ ನೇರ ಒಲೆಗೆ ಹಾಕು. ಬಿಸಿ ಮಾಡುವಾಗ ಚೆನ್ನಾಗಿ ಕುದಿಯಲಿ. ಅನ್ನದ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನವನ್ನು ಹೊರಗೆ ಬಿಟ್ಟರೆ ಅವು ವಿಷ ಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನ ಆಗೋಕೆ ಹೊತ್ತೇನೂ ಬೇಡ, ಅದನ್ನು ಅವತ್ತವತ್ತೇ ಮಾಡು.

ಆಲೂಗಡ್ಡೆ ಹಾಕಿದ್ದನ್ನು ಇಡಬೇಡ, ಕರಗಿದಾಗ ಪುಡಿಪುಡಿಯಾಗಿ ನೀರು ಬಿಡುತ್ತದೆ. ಮೊಸರು ಒಡೆಯುತ್ತದೆ. ಸೌತೆಕಾಯಿ ಜೋಲುತ್ತದೆ. ಬೆಂದ ಮೊಟ್ಟೆಯ ಬಿಳಿ ಭಾಗ ರಬ್ಬರ್ ಆಗುತ್ತದೆ. ರಾಗಿಮುದ್ದೆಯ ಮಾತೇ ಬೇಡ, ಅದು ಬಿಸಿಯಲ್ಲೇ ಚೆನ್ನ. ಕೋಳಿ ಸಾರನ್ನು ಮಾತ್ರ ಪೂರ್ತಿ ಮಾಡಿಯೇ ಇಡಬಹುದು, ರುಚಿ ಕೆಡುವುದಿಲ್ಲ. ಇಡ್ಲಿಯೂ ಸರಿ, ಮತ್ತೆ ಹಬೆಯಲ್ಲಿ ಇಟ್ಟರೆ ಮೆತ್ತಗಾಗುತ್ತದೆ. ಹೋಳಿಗೆಯ ಹೂರಣ ಇದ್ದರೆ ಮಕ್ಕಳ ಹುಟ್ಟುಹಬ್ಬಕ್ಕೂ ಹೋಳಿಗೆ ಆಗುತ್ತದೆ.

ಪಾತ್ರೆಯನ್ನು ಕಂಠಮಟ್ಟ ತುಂಬಬೇಡ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ, ಗಾಜಿನ ಬಾಟಲಿಯಾದರೆ ಒಡೆದೇ ಹೋಗುತ್ತದೆ. ಪ್ರತಿ ಕವರಿನ ಮೇಲೆ ತಾರೀಖು ಬರೆ, ಹಳೆಯದು ಮೊದಲು ಖರ್ಚಾಗಲಿ. ಫ್ರೀಜರ್ ಮೈನಸ್ 18 ಡಿಗ್ರಿ ಮುಟ್ಟಿದರೆ ಸಾರು, ಬೇಳೆ, ಕಾಳು ಎರಡು ಮೂರು ತಿಂಗಳು ರುಚಿಯಾಗಿಯೇ ಇರುತ್ತವೆ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಅಷ್ಟು ಚಳಿ ನಿಲ್ಲುವುದು ಕಷ್ಟ, ಒಂದೆರಡು ವಾರದಲ್ಲಿ ಮುಗಿಸುವುದು ಒಳ್ಳೆಯದು.

ಕರೆಂಟಿನ ಚಿಂತೆಗೂ ಉಪಾಯ ಇದೆ. ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡು. ನೀವೆಲ್ಲ ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಭಯವಿಲ್ಲ. ತಳಕ್ಕೆ ಇಳಿದು ಹೆಪ್ಪುಗಟ್ಟಿದ್ದರೆ ನಡುವೆ ಎಲ್ಲವೂ ಕರಗಿತ್ತು ಅಂತ ಅರ್ಥ. ಆಗ ಎಷ್ಟೇ ಹೊಟ್ಟೆ ಉರಿದರೂ ಎಲ್ಲವನ್ನೂ ಎಸೆದುಬಿಡು.

ಈಗ ಅವರೆಕಾಯಿ ಕಾಲ. ಸೊಗಡು ಇರುವ ಕಾಯಿ ಸಂಕ್ರಾಂತಿ ಕಳೆದ ಮೇಲೆ ಕಡಿಮೆಯಾಗುತ್ತಾ ಬರುತ್ತದೆ. ಈ ವಾರವೇ ಒಂದು ಚೀಲ ತಾ. ಸಂಜೆ ಮಕ್ಕಳನ್ನೂ ಕೂರಿಸಿಕೊಂಡು ಸುಲಿಯಿರಿ, ನೆನೆಸಿ ಹಿತಕಿರಿ. ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ ತೆಗೆದು, ತಣ್ಣೀರಿನಲ್ಲಿ ಅದ್ದಿ, ಬಟ್ಟೆಯ ಮೇಲೆ ನೀರಾರಿಸಿ ಕವರಿಗೆ ತುಂಬು. ಹಿತಕಿದ ಬೇಳೆ ಸಾರು ನಿನ್ನ ಸೋದರಮಾವನಿಗೆ ಎಷ್ಟು ಇಷ್ಟ ಅಂತ ನನಗೂ ಗೊತ್ತು. ಯುಗಾದಿಗೆ ಅವರನ್ನು ನೀನೇ ಫೋನ್ ಮಾಡಿ ಊಟಕ್ಕೆ ಕರೆ.

ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ.

ಇಂತಿ ನಿನ್ನ ಗೆಳೆಯ