ನೊಣ ಒಂದೇ, ಹೆಸರು ಮೂರೇಕೆ?

ಮಾನ್ಯ ಸಂಪಾದಕರೇ,

ಪರಿಚಿತ ಕೀಟವೊಂದರ ವೈಜ್ಞಾನಿಕ ಹೆಸರು ಬದಲಾಯಿತೆಂದು ಪತ್ರಿಕೆಯಲ್ಲಿ ಬಂದಾಗಲೆಲ್ಲ ‘ಇವರಿಗೆ ಬೇರೆ ಕೆಲಸವಿಲ್ಲವೇ’ ಎಂಬ ಗೊಣಗಾಟ ಕೇಳಿಬರುತ್ತದೆ. ಹೂವಿನ ಮುಂದೆ ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುವ ಸಿರ್ಫಿಡ್ ನೊಣಗಳ ವಿಷಯದಲ್ಲಂತೂ ಗೊಣಗುವವರನ್ನು ದೂರುವಂತಿಲ್ಲ. ಸಸ್ಯಹೇನುಗಳನ್ನು ತಿಂದು ಬೆಳೆಯುವ ಒಂದೇ ನೊಣ ಹಳೆಯ ಪುಸ್ತಕಗಳಲ್ಲಿ ಸಿರ್ಫಸ್ ಕೊರೊಲ್ಲೆ, ಆಮೇಲಿನ ಕೈಪಿಡಿಗಳಲ್ಲಿ ಮೆಟಾಸಿರ್ಫಸ್ ಕೊರೊಲ್ಲೆ, ಈಗಿನ ಪಟ್ಟಿಗಳಲ್ಲಿ ಯೂಪಿಯೋಡ್ಸ್ ಕೊರೊಲ್ಲೆ. ಒಂದು ಹೆಸರು ಹಿಡಿದು ಹುಡುಕಿದವರಿಗೆ ಉಳಿದೆರಡು ಹೆಸರಿನಡಿ ಅಚ್ಚಾದ ಮಾಹಿತಿ ಕೈತಪ್ಪಿಹೋಗುತ್ತದೆ.

ಗೊಂದಲಕ್ಕೆ ಮೂಲ, ಎರಡು ಬೇರೆ ಪ್ರಶ್ನೆಗಳನ್ನು ಕಲಸುವುದು. ಯಾವ ನೊಣಗಳು ಒಂದೇ ಗುಂಪಿಗೆ ಸೇರುತ್ತವೆ ಎಂಬುದು ವರ್ಗೀಕರಣ. ಅದು ತಜ್ಞರ ತೀರ್ಮಾನ, ಪುರಾವೆ ಬಂದಂತೆ ಬದಲಾಗಬಹುದು. ಆ ಗುಂಪನ್ನು ಏನೆಂದು ಕರೆಯಬೇಕು ಎಂಬುದು ನಾಮಕರಣ. ಅದಕ್ಕೆ ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಸಂಹಿತೆಯಿದೆ. ಇಲ್ಲಿ ಇಷ್ಟಾನಿಷ್ಟ ನಡೆಯದು. ಮೆಟಾಸಿರ್ಫಸ್ ಕುಲನಾಮ 1917ರದು, ಯೂಪಿಯೋಡ್ಸ್ 1877ರದು. ಇವು ಬೇರೆ ಬೇರೆ ಕುಲಗಳೆಂದು ಭಾವಿಸಿದಷ್ಟು ಕಾಲ ಎರಡೂ ಹೆಸರು ಬಾಳಿದವು. ಎರಡೂ ಒಂದೇ ಎಂದು ಒಪ್ಪಿದ ಮೇಲೆ ಹಳೆಯ ಹೆಸರೇ ನಿಲ್ಲಬೇಕು. ಹೊಸದು ಸಮನಾಮವಾಗುತ್ತದೆ (ಅಂದರೆ ಅದೇ ಕುಲಕ್ಕಿರುವ, ಬಳಕೆಯಿಂದ ಬಿಟ್ಟ ಇನ್ನೊಂದು ಹೆಸರು), ಇಲ್ಲವೇ ಉಪಕುಲಕ್ಕೆ ಇಳಿಯುತ್ತದೆ. 1794ರಲ್ಲಿ ಕೀಟತಜ್ಞ ಫ್ಯಾಬ್ರಿಷಿಯಸ್ ಇಟ್ಟ ಕೊರೊಲ್ಲೆ ಮಾತ್ರ ಅಲುಗಿಲ್ಲ. ಅದು ಷಷ್ಠೀ ವಿಭಕ್ತಿಯ ನಾಮಪದ, ಯಾವ ಕುಲಕ್ಕೆ ಹೋದರೂ ರೂಪ ಬದಲಿಸದು. ವಿಶೇಷಣವಾಗಿದ್ದರೆ ಕುಲನಾಮದ ಲಿಂಗಕ್ಕೆ ಹೊಂದಬೇಕು. ಕೀಟತಜ್ಞ ಡಿ ಗೀರ್ 1776ರಲ್ಲಿ ಮಸ್ಕಾ ಬಾಲ್ಟಿಯೇಟಾ ಎಂದದ್ದು ಎಪಿಸಿರ್ಫಸ್ ಕುಲಕ್ಕೆ ಬಂದಾಗ ಬಾಲ್ಟಿಯೇಟಸ್ ಆದದ್ದು ಹೀಗೆ. ವೈಜ್ಞಾನಿಕ ಹೆಸರಿನ ನಂತರ ಬರೆಯುವ ಕರ್ತೃವಿನ ಹೆಸರು, ವರ್ಷ ಆವರಣದೊಳಗಿದ್ದರೆ ಆ ಪ್ರಭೇದ ಮೊದಲು ಬೇರೆ ಕುಲದಲ್ಲಿತ್ತು ಎಂದರ್ಥ. ಅಚ್ಚಿನಲ್ಲಿ ಆ ಆವರಣ ಬಿಟ್ಟರೆ ಅರ್ಥವೇ ಬದಲಾಗುತ್ತದೆ.

ನಿಜವಾದ ಕಷ್ಟ ಇರುವುದು ಪ್ರಭೇದದ ಮಟ್ಟದಲ್ಲಿ. ಹೆಸರು ಅಂಟಿಕೊಂಡಿರುವುದು ವರ್ಣನೆಗಲ್ಲ, ಚಿತ್ರಕ್ಕಲ್ಲ, ಸಂಗ್ರಹಾಲಯದ ಸೂಜಿಯ ಮೇಲಿರುವ ಒಂದು ಮಾದರಿ ನೊಣಕ್ಕೆ. ಹಳೆಯ ಲೇಖಕರು ಬಹಳ ಸಲ ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಏಕೈಕ ಮಾದರಿ, ಎಂದು ಒಂದನ್ನು ಗುರುತಿಸದೆ ಐದಾರು ನೊಣಗಳನ್ನು ನೋಡಿ ಎರಡು ಸಾಲು ಲ್ಯಾಟಿನ್ ಬರೆದು ಮುಗಿಸಿದರು. ಆ ಐದಾರರಲ್ಲಿ ಎರಡು ಪ್ರಭೇದಗಳು ಬೆರೆತಿದ್ದರೆ ಒಂದನ್ನು ಲೆಕ್ಟೋಟೈಪ್ ಎಂದು ಆರಿಸಿ ಹೆಸರನ್ನು ಅದಕ್ಕೆ ಕಟ್ಟಬೇಕು. ಅವಸರದಲ್ಲಿ ಹೆಣ್ಣನ್ನು ಆರಿಸಿದರೆ ಕೆಟ್ಟಿತು: ಸ್ಫೇರೋಫೋರಿಯಾದಂಥ ಕುಲದಲ್ಲಿ ಅನೇಕ ಪ್ರಭೇದಗಳ ಹೆಣ್ಣುಗಳನ್ನು ಬೇರ್ಪಡಿಸಲಾಗದು, ಹೆಸರು ಶಾಶ್ವತವಾಗಿ ತೂಗಾಡುತ್ತದೆ. ಆರಿಸುವ ಮೊದಲು ಚೀಟಿಯ ಕೈಬರಹ ಮೂಲ ಲೇಖಕರದೇ, ಊರು ಮತ್ತು ದಿನಾಂಕ ಮೂಲ ಬರಹಕ್ಕೆ ಹೊಂದುತ್ತವೆಯೇ ಎಂದು ನೋಡಬೇಕು. ಉದುರಿದ ಉದರವನ್ನು ಯಾರೋ ಬೇರೆ ನೊಣದಿಂದ ತಂದು ಅಂಟಿಸಿರುವುದೂ ಹಳೆಯ ಪೆಟ್ಟಿಗೆಗಳಲ್ಲಿ ಉಂಟು. ಮಾದರಿ ನಿಜಕ್ಕೂ ನಾಶವಾಗಿದ್ದು ಹೆಸರಿನ ತಕರಾರು ಬೇರೆ ದಾರಿಯಲ್ಲಿ ಬಗೆಹರಿಯದಿದ್ದರೆ ಮಾತ್ರ ನಿಯೋಟೈಪ್, ಅಂದರೆ ಹೊಸದಾಗಿ ಆರಿಸಿದ ಬದಲಿ ಮಾದರಿ. ಅದೂ ಸಾಧ್ಯವಾದಷ್ಟು ಮೂಲ ಸ್ಥಳದ ಸಮೀಪದ್ದಾಗಿರಬೇಕು.

ಇನ್ನು ಗುರುತು ಹಿಡಿಯುವ ಕೆಲಸ. ಒಣಗಿದ ಗಂಡು ನೊಣವನ್ನು ತೇವದ ಡಬ್ಬಿಯಲ್ಲಿ ಒಂದು ದಿನ ಇಟ್ಟು ಮೆತ್ತಗಾಗಿಸಬೇಕು. ಬೂಸ್ಟು ಬಾರದಂತೆ ಜೊತೆಗೆ ಥೈಮಾಲ್ ಹರಳು. ಉದರದ ತುದಿಯನ್ನು ಬಿಡಿಸಿ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ಬಿಟ್ಟರೆ ಮಾಂಸಭಾಗ ಕರಗಿ ಗಟ್ಟಿ ಕವಚ ಉಳಿಯುತ್ತದೆ. ಬಿಸಿ ಮಾಡಿದರೆ ಕೆಲವೇ ನಿಮಿಷ ಸಾಕು, ಆದರೆ ಕಣ್ಣು ತಪ್ಪಿದರೆ ಕವಚ ಗಾಜಿನಂತೆ ಪಾರದರ್ಶಕವಾಗಿ, ರೋಮ ಉದುರಿ, ನೋಡಬೇಕಾದ ಗುರುತೇ ಹೋಗುತ್ತದೆ. ಆಮೇಲೆ ನೀರು, ಕ್ಷಾರ ತಣಿಸಲು ಒಂದು ಹನಿ ಅಸಿಟಿಕ್ ಆಮ್ಲ, ಕೊನೆಗೆ ಗ್ಲಿಸರಿನ್. ಸೂಕ್ಷ್ಮದರ್ಶಕದಡಿ ಕಾಣುವ, ಗಂಡಿನ ಜನನಾಂಗದ ಸರ್‌ಸ್ಟೈಲಸ್ ಎಂಬ ಜೋಡಿ ಹಿಡಿಕೆಗಳ ಆಕಾರದ ಮೇಲೆ ಅನೇಕ ಪ್ರಭೇದಗಳ ತೀರ್ಪು ನಿಂತಿದೆ. ಅಂಗವನ್ನು ಸರಿಯಾಗಿ ಪಕ್ಕಕ್ಕೆ ನಿಲ್ಲಿಸದೆ ಚೂರು ಓರೆಯಾದರೂ ದುಂಡನೆಯ ತುದಿ ಚೂಪಾಗಿ ಕಾಣುತ್ತದೆ. ‘ಹೊಸ ಪ್ರಭೇದ’ ಹುಟ್ಟಲು ಅಷ್ಟು ಸಾಕು! ನೋಡಿ ಮುಗಿದ ಭಾಗವನ್ನು ಕಿರುಸೀಸೆಯಲ್ಲಿ ಹಾಕಿ ಅದೇ ನೊಣದ ಸೂಜಿಗೇ ಚುಚ್ಚಿಡಬೇಕು. ಬೇರೆಡೆ ಇಟ್ಟರೆ ಯಾರ ತುದಿ ಯಾರದೆಂದು ಮುಂದೆ ಹೇಳುವವರಿಲ್ಲ.

ಬಣ್ಣವನ್ನು ನಂಬಿ ಮೋಸಹೋದ ಹೆಸರುಗಳು ಸಾಕಷ್ಟಿವೆ. ಎಪಿಸಿರ್ಫಸ್ ಬಾಲ್ಟಿಯೇಟಸ್‌ನ ಕೋಶ (ಪ್ಯೂಪಾ) ತಂಪಿನಲ್ಲಿ ಬೆಳೆದರೆ ನೊಣದ ಕಪ್ಪು ಪಟ್ಟೆ ಅಗಲವಾಗುತ್ತದೆ, ಬೆಚ್ಚಗಿದ್ದರೆ ಹಳದಿ ಹೆಚ್ಚುತ್ತದೆ. ಇದು ಋತುವಿನ ಆಟ, ಪ್ರಭೇದದ ಗಡಿಯಲ್ಲ.

ಹಾಗಾದರೆ ಡಿಎನ್‌ಎ? ಬಾರ್‌ಕೋಡ್ ಎಂದು ಬಳಸುವ, ಮೈಟೋಕಾಂಡ್ರಿಯದ ಸಿಒಐ ಜೀನಿನ 658 ಅಕ್ಷರಗಳ ತುಣುಕು ಉಪಯುಕ್ತ, ಆದರೆ ಅದೊಂದೇ ನ್ಯಾಯಾಧೀಶನಲ್ಲ. ಮೆಲನೋಸ್ಟೋಮಾ ಕುಲದಲ್ಲಿ ದೇಹರಚನೆ ಸ್ಪಷ್ಟವಾಗಿ ಬೇರ್ಪಡಿಸುವ ಪ್ರಭೇದಗಳನ್ನು ಸಿಒಐ ಬೇರ್ಪಡಿಸಲಿಲ್ಲ. ಜೀವಕೋಶದ ಕೇಂದ್ರದಲ್ಲಿರುವ ಡಿಎನ್ಎಯ ಐಟಿಎಸ್2 ತುಣುಕು ದೇಹರಚನೆಯ ಪರವಾಗಿ ನಿಂತಿತು. ಮೈಕ್ರೋಡಾನ್ ಕುಲದ್ದು ಇನ್ನೂ ವಿಚಿತ್ರ. ಇರುವೆಗೂಡಿನಲ್ಲಿ ಬೆಳೆಯುವ ಇದರ ಮರಿಯನ್ನು 19ನೇ ಶತಮಾನದ ಆರಂಭದಲ್ಲಿ ಗೊಂಡೆಹುಳುವಿನ ಬಳಗದ ಮೃದ್ವಂಗಿಯೆಂದೇ ವರ್ಣಿಸಿದ್ದರು. ಯುರೋಪಿನಲ್ಲಿ ಮೈಕ್ರೋಡಾನ್ ಮ್ಯುಟಾಬಿಲಿಸ್ ಎಂಬ ಒಂದೇ ಪ್ರಭೇದವೆಂದು ತಿಳಿದಿದ್ದದ್ದು 2002ರಲ್ಲಿ ಎರಡಾಯಿತು. ಒಂದು ಫಾರ್ಮಿಕಾ ಇರುವೆಯ ಗೂಡಿನಲ್ಲಿ, ಇನ್ನೊಂದು, ಅಂದರೆ ಮೈಕ್ರೋಡಾನ್ ಮಿರ್ಮಿಕೆ, ಮಿರ್ಮಿಕಾ ಇರುವೆಯ ಗೂಡಿನಲ್ಲಿ ಬೆಳೆಯುತ್ತದೆ. ರೆಕ್ಕೆ ಬಂದ ನೊಣಗಳನ್ನು ಪಕ್ಕಪಕ್ಕ ಇಟ್ಟರೂ ವ್ಯತ್ಯಾಸ ಕಾಣುವುದು ಕಷ್ಟ. ವ್ಯತ್ಯಾಸವಿರುವುದು ಕೋಶದ ಮುಂಭಾಗದ ಉಸಿರುಗೊಂಬುಗಳಲ್ಲಿ. ನೊಣ ಹೊರಬಂದ ಖಾಲಿ ಕೋಶವನ್ನು ಕಸವೆಂದು ಎಸೆದಿದ್ದರೆ ಆ ಹಳೆಯ ದಾಖಲೆಯನ್ನು ಎರಡರಲ್ಲಿ ಯಾವುದಕ್ಕೂ ಖಚಿತವಾಗಿ ಸೇರಿಸಲಾಗದು.

‘ಹಳೆಯದೇ ಗೆಲ್ಲುತ್ತದೆ’ ಎಂಬ ನಿಯಮಕ್ಕೂ ಕಡಿವಾಣವಿದೆ. 1800ರಲ್ಲಿ ನೊಣತಜ್ಞ ಮೈಗನ್ ಪ್ರಕಟಿಸಿ ಎಲ್ಲರೂ ಮರೆತಿದ್ದ ಕಿರುಹೊತ್ತಗೆಯೊಂದನ್ನು 1908ರಲ್ಲಿ ಇನ್ನೊಬ್ಬ ನೊಣತಜ್ಞ ಹೆಂಡೆಲ್ ಎತ್ತಿ ತಂದಾಗ ನೊಣತಜ್ಞರು ಎರಡು ಬಣವಾದರು. 1963ರಲ್ಲಿ ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ಆಯೋಗವೇ ಆ ಹೆಸರುಗಳನ್ನು ರದ್ದುಪಡಿಸಬೇಕಾಯಿತು. ಈಗ ಸಂಹಿತೆಯಲ್ಲೇ ದಾರಿಯಿದೆ: ಹಳೆಯ ಹೆಸರನ್ನು 1899ರ ನಂತರ ಯಾರೂ ಸರಿಯಾದ ಹೆಸರೆಂದು ಬಳಸಿರಬಾರದು, ಹೊಸದನ್ನು ಕಳೆದ 50 ವರ್ಷಗಳಲ್ಲಿ ಕನಿಷ್ಠ 10 ಲೇಖಕರು 25 ಕೃತಿಗಳಲ್ಲಿ, 10 ವರ್ಷಕ್ಕೆ ಕಡಿಮೆಯಿಲ್ಲದ ಹರವಿನಲ್ಲಿ ಬಳಸಿರಬೇಕು. ಆಗ ಚಾಲ್ತಿಯ ಹೆಸರು ಉಳಿಯುತ್ತದೆ.

ಪತ್ರಿಕೆಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ‘ಹೊಸ ಪ್ರಭೇದ ಪತ್ತೆ’ ಎಂಬ ಸುದ್ದಿ ಬಂದಾಗ ಹೋಲೋಟೈಪ್ ಯಾವ ಸಂಗ್ರಹಾಲಯದಲ್ಲಿದೆ ಎಂದು ಮೊದಲು ಕೇಳಿ. 1999ರ ನಂತರ ಹೆಸರಿಗೆ ಆಧಾರವಾದ ಮಾದರಿಯನ್ನು ಸ್ಪಷ್ಟವಾಗಿ ನಿಗದಿಪಡಿಸದ ಹೊಸ ಪ್ರಭೇದನಾಮಕ್ಕೆ ಮಾನ್ಯತೆಯಿಲ್ಲ. ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಗುವ ಮೊದಲೇ ಹೆಸರನ್ನು ಅಚ್ಚು ಹಾಕಬೇಡಿ. ವರ್ಣನೆಯಿಲ್ಲದ ಅಂಥ ಹೆಸರನ್ನು ‘ನಗ್ನನಾಮ’ ಎನ್ನುತ್ತೇವೆ. ನಿಯಮದ ಮುಂದೆ ಅದು ಶೂನ್ಯ, ಆದರೆ ಓದುಗರ ಬಾಯಲ್ಲಿ ಮಾತ್ರ ಉಳಿದುಬಿಡುತ್ತದೆ. ಚಿತ್ರದಡಿಯ ಬರಹದಲ್ಲೂ ಹಟ ಬೇಡ. ಸಿರ್ಫಸ್ ರೈಬೀಸಿಯೈ ಮತ್ತು ಸಿರ್ಫಸ್ ವಿಟ್ರಿಪೆನ್ನಿಸ್ ಹೆಣ್ಣುಗಳನ್ನು ಬೇರ್ಪಡಿಸುವುದು ಹಿಂಗಾಲಿನ ತೊಡೆಯ ಬಣ್ಣ: ಮೊದಲನೆಯದರಲ್ಲಿ ಹಳದಿ, ಎರಡನೆಯದರಲ್ಲಿ ಬಹುಪಾಲು ಕಪ್ಪು. ಮೇಲಿನಿಂದ ತೆಗೆದ ಫೋಟೊದಲ್ಲಿ ತೊಡೆ ರೆಕ್ಕೆಯಡಿ ಅಡಗಿರುತ್ತದೆ. ಎರಡು ಕಣ್ಣುಗಳ ನಡುವೆ ಅಂತರ ಕಂಡರೆ ‘ಸಿರ್ಫಸ್ ಕುಲದ ಹೆಣ್ಣು’ ಎಂದಷ್ಟೇ ಬರೆಯಿರಿ.

— ಕೀಟ ವರ್ಗೀಕರಣದ ಕೆಲಸದಲ್ಲಿರುವ ಓದುಗರು